ಓದುಗರ ಪ್ರಶ್ನೆ: ಮಂಜಿನ ಮೇಲಿನ ಕರಡಿ, ಬಂಡೆ ಸಂದಿನ ಕರಡಿ

ಹೋದ ಸಂಚಿಕೆಯಲ್ಲಿ ಒಂದು ಹಿಮಕರಡಿಯ ಚಿತ್ರ ಹಾಕಿದ್ದೆವು. ಮಂಜುಗಡ್ಡೆಯ ಅಂಚಿನಲ್ಲಿ ನಿಂತು ನೀರು ನೋಡುತ್ತಿದ್ದ ತಾಯಿ, ಪಕ್ಕದಲ್ಲಿ ಎರಡು ಮರಿ. ಅಷ್ಟೇ. ಅದಕ್ಕೆ ಬಂದ ಪತ್ರ, ವಾಟ್ಸ್‌ಆ್ಯಪ್ ಸಂದೇಶ ನೋಡಿ ತುಂಬಾ ಖುಷಿಯಾಯಿತು. ಮುಕ್ಕಾಲು ಪಾಲು ತುಮಕೂರು ಜಿಲ್ಲೆಯವರದೇ. ಮಧುಗಿರಿ, ಪಾವಗಡ, ಕೊರಟಗೆರೆ ಕಡೆಯವರಿಗೆ ಕರಡಿ ಅಂದ್ರೆ ಬರೀ ಪುಸ್ತಕದ ಪ್ರಾಣಿ ಅಲ್ಲ, ಹೊಲದ ಬದು ದಾಟಿದರೆ ಸಿಗುವ ಪ್ರಾಣಿ. ಹಾಗಾಗಿ ಈ ಸಲ ಪೂರ್ತಿ ಅಂಕಣ ಕರಡಿಗೇ ಬಿಟ್ಟಿದ್ದೇನೆ.

ಹಿಮಕರಡಿ ಎಷ್ಟು ದೊಡ್ಡದು? ನಮ್ಮ ಬೆಟ್ಟದ ಕರಡಿಗಿಂತ ಎಷ್ಟು ಪಟ್ಟು ಜಾಸ್ತಿ?
(ಏಳನೇ ತರಗತಿ ಹುಡುಗಿ, ಮಧುಗಿರಿ)

ಲೆಕ್ಕ ರಾಗಿ ಮೂಟೆಯಲ್ಲೇ ಹೇಳುತ್ತೇನೆ. ಕ್ವಿಂಟಾಲ್ ಮೂಟೆ ನೋಡಿರುತ್ತೀಯ, ನೂರು ಕೇಜಿ. ಬೆಳೆದ ಗಂಡು ಹಿಮಕರಡಿ ಸಾಮಾನ್ಯವಾಗಿ 350ರಿಂದ 600 ಕೇಜಿ, ಅಂದರೆ ಮೂರೂವರೆಯಿಂದ ಆರು ಮೂಟೆ. ಹೆಣ್ಣು ಅದರ ಅರ್ಧ, 150ರಿಂದ 300 ಕೇಜಿ. 1960ರಲ್ಲಿ ಅಲಾಸ್ಕಾದಲ್ಲಿ ಸಿಕ್ಕ ಒಂದು ಗಂಡು 1002 ಕೇಜಿ ತೂಗಿತ್ತು ಅಂತ ದಾಖಲೆ ಇದೆ. ಹತ್ತು ಮೂಟೆ! ಮೂಗಿನಿಂದ ಬಾಲದವರೆಗೆ ಎರಡೂವರೆ ಮೀಟರ್ ಉದ್ದ. ದೊಡ್ಡ ಗಂಡು ಹಿಂಗಾಲ ಮೇಲೆ ಎದ್ದು ನಿಂತರೆ ಹತ್ತು ಅಡಿ ಆಗುತ್ತದೆ, ನಿಮ್ಮ ಮನೆಯ ಸೂರು ಮುಟ್ಟುತ್ತದೆ.

ನಮ್ಮ ಕರಡಿ ಗಂಡಾದರೆ 80ರಿಂದ 145 ಕೇಜಿ, ಹೆಣ್ಣಾದರೆ 55ರಿಂದ 95 ಕೇಜಿ. ಒಂದು ದೊಡ್ಡ ಹಿಮಕರಡಿಯ ತೂಕಕ್ಕೆ ನಮ್ಮವು ನಾಲ್ಕೈದು ಬೇಕು. ನಾಲ್ಕು ಕಾಲ ಮೇಲೆ ನಿಂತಾಗ ನಮ್ಮದರ ಭುಜ ದೊಡ್ಡವರ ಸೊಂಟದ ಹತ್ತಿರ ಬರುತ್ತದೆ. ಹಿಮಕರಡಿಯ ಭುಜ ಹೆಚ್ಚುಕಡಿಮೆ ನಿನ್ನ ತಲೆಯ ಎತ್ತರಕ್ಕೆ ಬರುತ್ತದೆ.

ನೀನು ಕೇಳಿಲ್ಲ, ಆದರೂ ಯಾಕೆ ಅಂತ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಮ್ಮ ಮುದ್ದೆ ತೊಳಸಿದಾಗ ಒಂದು ದೊಡ್ಡ ಮುದ್ದೆ, ಅದರ ಪಕ್ಕ ನಿಂಬೆಹಣ್ಣಿನಷ್ಟು ಒಂದು ಉಂಡೆ ಕಟ್ಟಿಸಿ ತಟ್ಟೆಯಲ್ಲಿಡು. ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡು. ಸಣ್ಣದು ಆರಿರುತ್ತದೆ. ದೊಡ್ಡದು ಒಳಗೆ ಇನ್ನೂ ಸುಡುತ್ತಿರುತ್ತದೆ. ಬಿಸಿ ಹೊರಗೆ ಹೋಗುವುದು ಮೈಮೇಲಿಂದ, ಕೂಡಿಟ್ಟಿರುವುದು ಒಳಗೆ. ಮೈ ದೊಡ್ಡದಾದಷ್ಟೂ ಒಳಗಿನ ಪಾಲು ಜಾಸ್ತಿ, ಹೊರಗಿನ ಪಾಲು ಕಡಿಮೆ. ಇದನ್ನು ಪ್ರಾಣಿಗಳ ಲೋಕದಲ್ಲಿ ಗಮನಿಸಿ ಬರೆದವರು ಜರ್ಮನಿಯ ಕಾರ್ಲ್ ಬರ್ಗ್‌ಮನ್, 1847ರಲ್ಲಿ. ಚಳಿ ನಾಡಿನ ಪ್ರಾಣಿಗಳು ತಮ್ಮ ಬಿಸಿ ನಾಡಿನ ನೆಂಟರಿಗಿಂತ ದೊಡ್ಡವು ಅನ್ನುವುದು ಅವರ ಮಾತು. ಕರಡಿಗಳನ್ನು ಸಾಲಾಗಿ ನಿಲ್ಲಿಸಿದರೆ ಅದು ಬಹಳ ಮಟ್ಟಿಗೆ ಸರಿ ಅನಿಸುತ್ತದೆ. ಬಿಸಿ ಮಳೆಕಾಡಿನ ಸೂರ್ಯ ಕರಡಿ ಎಲ್ಲಕ್ಕಿಂತ ಚಿಕ್ಕದು, 27ರಿಂದ 65 ಕೇಜಿ. ಮಂಜಿನ ಮೇಲಿನದು ಎಲ್ಲಕ್ಕಿಂತ ದೊಡ್ಡದು. ಕಿವಿ ನೋಡು. ಹಿಮಕರಡಿಯದು ಪುಟ್ಟದು, ತಲೆಗೆ ಅಂಟಿಕೊಂಡ ಹಾಗಿದೆ. ನಮ್ಮದರದು ಅಗಲ, ಜೋಲಾಡುತ್ತದೆ. ಅಗಲ ಕಿವಿಯಿಂದ ಬಿಸಿ ಬೇಗ ಹೊರಗೆ ಹೋಗುತ್ತದೆ.

ಚಳಿ ಒಂದೇ ಕಾರಣ ಅಲ್ಲ. ಹೊಟ್ಟೆಗೆ ಏನು ಸಿಗುತ್ತದೆ ಅನ್ನುವುದೂ ಮುಖ್ಯ. ಅಲಾಸ್ಕಾದ ಕೋಡಿಯಾಕ್ ದ್ವೀಪಗಳ ಕಂದು ಕರಡಿ ಹೆಪ್ಪುಗಟ್ಟಿದ ಕಡಲಿನ ಮೇಲೆ ಇರುವುದಿಲ್ಲ. ಆದರೂ ದೊಡ್ಡ ಗಂಡು 680 ಕೇಜಿ ತನಕ ಬೆಳೆಯುತ್ತದೆ, ಗಾತ್ರದಲ್ಲಿ ಹಿಮಕರಡಿಗೆ ಸರಿಸಾಟಿ. ಅಲ್ಲಿ ಹೊಳೆ ತುಂಬಾ ಸಾಲ್ಮನ್ ಮೀನು ಬರುತ್ತದೆ. ತಿಂದಷ್ಟೂ ಕೊಬ್ಬು. ಅದೇ ಜಾತಿಯ ಕಂದು ಕರಡಿ ನಮ್ಮ ಹಿಮಾಲಯದಲ್ಲೂ ಇದೆ, ಅದು ಇದರ ಅರ್ಧವೂ ಬೆಳೆಯುವುದಿಲ್ಲ.

ಇನ್ನೊಂದು ಮಾತು. ಇಷ್ಟು ದೊಡ್ಡ ಹಿಮಕರಡಿಯ ಮರಿ ಹುಟ್ಟಿದಾಗ ಎಷ್ಟಿರುತ್ತದೆ ಗೊತ್ತಾ? ಸುಮಾರು 600 ಗ್ರಾಂ. ಒಂದು ದೊಡ್ಡ ತೆಂಗಿನಕಾಯಿಯಷ್ಟು. ತಾಯಿ ಹಿಮದಲ್ಲಿ ಗೂಡು ಕೊರೆದು, ಒಳಗೆ ಕೂತು, ನಡುಚಳಿಗಾಲದಲ್ಲಿ ಹೆರುತ್ತಾಳೆ. ಸಾಮಾನ್ಯವಾಗಿ ಅವಳಿ. ಹಾಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಕೊಬ್ಬೇ ಇರುತ್ತದೆ. ಅದನ್ನು ಕುಡಿದು ಮಾರ್ಚ್-ಏಪ್ರಿಲ್ ಹೊತ್ತಿಗೆ ಹತ್ತು ಕೇಜಿ ಮೀರಿ ಬೆಳೆದು ಮರಿಗಳು ಹೊರಗೆ ಬರುತ್ತವೆ. ಅಷ್ಟು ದಿನ ತಾಯಿ ಒಂದು ತುತ್ತೂ ತಿಂದಿರುವುದಿಲ್ಲ.

ಹಿಮಕರಡಿ ದಿನಕ್ಕೆ ಎಷ್ಟು ದೂರ ನಡೆಯುತ್ತದೆ? ಅದು ಯಾಕೆ ಒಂದು ಕಡೆ ನಿಲ್ಲುವುದಿಲ್ಲ?
(ಬಸ್ ಕಂಡಕ್ಟರ್, ಕೊರಟಗೆರೆ)

ದಿನವೂ ದಾರಿ ಸವೆಸುವವರು ಕೇಳಿದ ಪ್ರಶ್ನೆ, ಚೆನ್ನಾಗಿದೆ. ಅದು ನಿಲ್ಲದಿರುವುದಕ್ಕೆ ಕಾರಣ ಅದರ ಕಾಲ ಕೆಳಗೆ ನೆಲ ಇಲ್ಲದಿರುವುದು. ಹಿಮಕರಡಿಯ ಊರು ಅಂದರೆ ಉಪ್ಪುನೀರಿನ ಕಡಲು ಹೆಪ್ಪುಗಟ್ಟಿ ಆದ ಪದರ. ಗಾಳಿ ಬೀಸಿದ ಕಡೆ, ಪ್ರವಾಹ ಎಳೆದ ಕಡೆ ಆ ಪದರ ತೇಲುತ್ತಾ ಹೋಗುತ್ತದೆ. ಕರಡಿ ಮಲಗಿ ಎದ್ದರೆ ಮಲಗಿದ ಜಾಗದಲ್ಲಿ ಇರುವುದಿಲ್ಲ! ಅದು ಬೇಟೆಯಾಡುವ ಸೀಲ್ ಅನ್ನುವ ಕಡಲ ಪ್ರಾಣಿಗಳು ಸಿಗುವ ಜಾಗದಲ್ಲೇ ಉಳಿಯಬೇಕು ಅಂದರೂ ಅದು ಮಂಜು ಸಾಗುವ ದಿಕ್ಕಿಗೆ ಎದುರಾಗಿ ನಡೆಯುತ್ತಲೇ ಇರಬೇಕು. ನಮ್ಮ ಕೆರೆ ಏರಿ ಮೇಲೆ ನಿಂತು ಯೋಚಿಸಿದರೆ ಇದು ಅರ್ಥವಾಗುವುದು ಕಷ್ಟ, ನಮಗೆ ನೆಲ ಅಂದರೆ ಅಲುಗದ್ದು ಅಲ್ವಾ.

ನಡಿಗೆ ನಿಧಾನ. ಗಂಟೆಗೆ ಐದಾರು ಕಿಲೋಮೀಟರ್, ನಾವು ಬಿರುಸಾಗಿ ನಡೆದಷ್ಟೇ. ಬೇಕಾದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಆದರೆ ಸ್ವಲ್ಪ ದೂರ ಮಾತ್ರ. ಹತ್ತು ಸೆಂಟಿಮೀಟರ್ ತನಕ ದಪ್ಪದ ಕೊಬ್ಬು, ಮೇಲೆ ಎರಡು ಪದರ ಕೂದಲು ಹೊದ್ದ ಮೈ ಅದು. ಜಾಸ್ತಿ ಓಡಿದರೆ ಒಳಗೇ ಬೆಂದುಹೋಗುತ್ತದೆ. ಹಾಗಾಗಿ ಅದು ಸೀಲನ್ನು ಅಟ್ಟಿಸಿಕೊಂಡು ಹೋಗುವುದು ಕಡಿಮೆ. ಸೀಲ್ ಉಸಿರಾಡಲು ಮಂಜಿನಲ್ಲಿ ಮಾಡಿಕೊಂಡ ತೂತಿನ ಪಕ್ಕ ಗಂಟೆಗಟ್ಟಲೆ ಅಲುಗದೆ ಕಾಯುತ್ತದೆ.

ಒಂದು ಹಿಮಕರಡಿ ಓಡಾಡುವ ಜಾಗ ಕೆಲವು ಕಡೆ ಲಕ್ಷ ಚದರ ಕಿಲೋಮೀಟರ್ ದಾಟುತ್ತದೆ. ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ ಒಂದೇ ಕರಡಿಗೆ! ನೇಪಾಳದ ಚಿತ್ವಾನ್ ಕಾಡಿನಲ್ಲಿ ನಮ್ಮ ಜಾತಿಯ ಕರಡಿಗಳ ಕುತ್ತಿಗೆಗೆ, ಎಲ್ಲಿವೆ ಅಂತ ತಿಳಿಸುವ ರೇಡಿಯೊ ಪಟ್ಟಿ ಕಟ್ಟಿ ನೋಡಿದಾಗ ಹೆಣ್ಣಿಗೆ ಸುಮಾರು 9, ಗಂಡಿಗೆ ಸುಮಾರು 14 ಚದರ ಕಿಲೋಮೀಟರ್ ಸಾಕಾಗಿತ್ತು. ಅದಕ್ಕೆ ಊಟ ಸಿಗುವ ಗೆದ್ದಲ ಹುತ್ತ ಎಲ್ಲಿಗೂ ತೇಲಿಕೊಂಡು ಹೋಗುವುದಿಲ್ಲ, ನೇರಳೆ ಮರವೂ ಹೋಗುವುದಿಲ್ಲ.

ಪಟ್ಟಿ ಅಂದಾಗ ಒಂದು ಸಂಗತಿ. ಉಪಗ್ರಹದ ಪಟ್ಟಿಯನ್ನು ಹೆಣ್ಣು ಹಿಮಕರಡಿಗೆ ಮಾತ್ರ ಕಟ್ಟುತ್ತಾರೆ. ಗಂಡಿನ ಕುತ್ತಿಗೆ ತಲೆಗಿಂತ ದಪ್ಪ, ಕಟ್ಟಿದ್ದು ಜಾರಿ ಬಿದ್ದುಹೋಗುತ್ತದೆ. ಹಾಗೆ ಪಟ್ಟಿ ಕಟ್ಟಿದ ಒಬ್ಬ ತಾಯಿಯ ಕಥೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 2008ರಲ್ಲಿ, ಅಲಾಸ್ಕಾದ ಉತ್ತರಕ್ಕಿರುವ ಬೋಫರ್ಟ್ ಕಡಲಿನಲ್ಲಿ, ಮಂಜು ಹುಡುಕಿಕೊಂಡು ಅವಳು ನೀರಿಗಿಳಿದಳು. ಒಂಬತ್ತು ದಿನ ಎಲ್ಲೂ ನಿಲ್ಲದೆ ಈಜಿದಳು. 687 ಕಿಲೋಮೀಟರ್. ತುಮಕೂರಿನಲ್ಲಿ ಪುಣೆ ಹೆದ್ದಾರಿ ಹಿಡಿದು ಬೆಳಗಾವಿ, ಕೊಲ್ಹಾಪುರ ದಾಟಿ ಹೆಚ್ಚುಕಡಿಮೆ ಸಾತಾರದ ತನಕ, ಅಷ್ಟು ದೂರ, ಐಸ್‌ನಂಥ ನೀರಿನಲ್ಲಿ. ಎರಡು ತಿಂಗಳ ಮೇಲೆ ಮತ್ತೆ ಸಿಕ್ಕಾಗ ಮೈತೂಕದ 22 ಶೇಕಡಾ ಕರಗಿತ್ತು. ಹೊರಡುವಾಗ ಜೊತೆಯಲ್ಲಿದ್ದ ಒಂದು ವರ್ಷದ ಮರಿ ಇರಲಿಲ್ಲ.

ಈಜು ಅದಕ್ಕೆ ಹೊಸದಲ್ಲ. ಮುಂಗಾಲಿನ ಪಾದ 30 ಸೆಂಟಿಮೀಟರ್ ಅಗಲ, ನೀರಿನಲ್ಲಿ ಅದೇ ದೋಣಿಯ ಹುಟ್ಟಿನ ಹಾಗೆ. ಹಿಂಗಾಲು ಚುಕ್ಕಾಣಿ. ಅದೇ ಅಗಲ ಪಾದ ತೆಳು ಮಂಜಿನ ಮೇಲೆ ಭಾರ ಹಂಚುತ್ತದೆ. ಆದರೆ ನಿಲ್ಲಲು ಮಂಜೇ ಇಲ್ಲದೆ ಒಂಬತ್ತು ದಿನ ಈಜಬೇಕಾಗಿ ಬಂದರೆ ಅದನ್ನು ಸಾಮರ್ಥ್ಯ ಅಂತ ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಹಿಮಕರಡಿ ಪೆಂಗ್ವಿನ್‌ಗಳನ್ನು ಹಿಡಿದು ತಿನ್ನುತ್ತದಾ?
(ಶಿರಾದಿಂದ ಇಬ್ಬರು ಅಣ್ಣ ತಮ್ಮಂದಿರು, ಪಂದ್ಯ ಕಟ್ಟಿಕೊಂಡು)

ಇಲ್ಲ. ತಮ್ಮ ಗೆದ್ದ. ಕಾಡಿನಲ್ಲಿ ಅವೆರಡೂ ಒಂದನ್ನೊಂದು ನೋಡಿದ್ದೇ ಇಲ್ಲ. ಹಿಮಕರಡಿ ಇರುವುದು ಭೂಮಿಯ ಉತ್ತರ ತುದಿಯಲ್ಲಿ: ಕೆನಡಾ, ಗ್ರೀನ್‌ಲ್ಯಾಂಡ್, ನಾರ್ವೆಯ ಸ್ವಾಲ್‌ಬಾರ್ಡ್, ರಷ್ಯಾ, ಅಮೆರಿಕದ ಅಲಾಸ್ಕಾ. ಅಂಟಾರ್ಕ್ಟಿಕಾ ದಕ್ಷಿಣ ತುದಿ, ಅಲ್ಲಿ ಪೆಂಗ್ವಿನ್ ಇವೆ, ಕರಡಿ ಒಂದೂ ಇಲ್ಲ.

ಹೆಸರಿನಲ್ಲೇ ಉತ್ತರ ಇದೆ. ಗ್ರೀಕ್ ಭಾಷೆಯಲ್ಲಿ ಆರ್ಕ್‌ಟೋಸ್ ಅಂದರೆ ಕರಡಿ. ಉತ್ತರದ ಆಕಾಶದಲ್ಲಿ ಅವರು ಒಂದು ದೊಡ್ಡ ಕರಡಿಯನ್ನು ಕಂಡರು, ಆ ಕರಡಿಯ ಕೆಳಗಿನ ನಾಡು ಆರ್ಕ್‌ಟಿಕ್ ಆಯಿತು. ಆ ನಕ್ಷತ್ರಗಳು ನಿಮಗೂ ಗೊತ್ತು. ನಮ್ಮ ಸಪ್ತರ್ಷಿ ಮಂಡಲ ಅದೇ ಕರಡಿಯ ಬೆನ್ನು ಮತ್ತು ಬಾಲ. ಇನ್ನೂ ಸೊಗಸಾದ ಸಂಗತಿ ಅಂದರೆ ಸಂಸ್ಕೃತದಲ್ಲಿ ಋಕ್ಷ ಅಂದರೆ ಕರಡಿಯೂ ಹೌದು, ನಕ್ಷತ್ರವೂ ಹೌದು. ಸಪ್ತರ್ಷಿಗಳನ್ನು ಹಿಂದೆ ಋಕ್ಷಗಳು ಅನ್ನುತ್ತಿದ್ದರು ಅಂತ ಶತಪಥ ಬ್ರಾಹ್ಮಣ ಅನ್ನುವ ಹಳೆಯ ವೈದಿಕ ಗ್ರಂಥ ಹೇಳುತ್ತದೆ. ಋಕ್ಷ, ಆರ್ಕ್‌ಟೋಸ್ ಎರಡೂ ಒಂದೇ ಬೇರಿನ ಮಾತು. ಬೇಸಿಗೆ ರಾತ್ರಿ ಮನೆ ಮೇಲೆ ಹತ್ತಿ ಉತ್ತರಕ್ಕೆ ನೋಡಿ.

ಹಿಮಕರಡಿಯ ಬಣ್ಣ ನಿಜವಾಗಿ ಬಿಳಿ ಅಲ್ಲ ಅಂತ ಮೇಷ್ಟ್ರು ಹೇಳಿದರು. ಹೌದಾ?
(ಗುಬ್ಬಿ)

ಹೌದು. ಚರ್ಮ ಕಪ್ಪು. ಮೇಲಿನ ಕೂದಲಿಗೆ ಬಣ್ಣವೇ ಇಲ್ಲ, ಒಳಗೆ ಟೊಳ್ಳು. ಬೆಳಕು ಬಿದ್ದು ಚದುರಿ ನಮಗೆ ಬೆಳ್ಳಗೆ ಕಾಣುತ್ತದೆ. ಸಕ್ಕರೆ ಹರಳು ಒಂದೊಂದೇ ನೋಡಿದರೆ ಗಾಜಿನ ಹಾಗೆ, ರಾಶಿ ಹಾಕಿದರೆ ಬಿಳಿ. ಅದೇ ರೀತಿ.

ನಮ್ಮ ಕಡೆ ಕರಡಿ ಚಳಿಗಾಲದಲ್ಲಿ ಮಲಗುತ್ತದಾ? ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತದೆ?
(ಪಾವಗಡ)

ತಿಂಗಳುಗಟ್ಟಲೆ ಮಲಗುವುದು ಚಳಿಗಾಲದಲ್ಲಿ ಊಟ ಸಿಗದ ನಾಡಿನ ಕರಡಿಗಳ ಉಪಾಯ. ಅಮೆರಿಕದ ಕಪ್ಪು ಕರಡಿ, ಹಿಮಾಲಯದ ಕಂದು ಕರಡಿ ಹಾಗೆ ಮಾಡುತ್ತವೆ. ಹಿಮಕರಡಿಗೆ ಮಾತ್ರ ಚಳಿಗಾಲವೇ ಬೇಟೆಯ ಕಾಲ, ಬಸಿರು ಹೆಣ್ಣು ಬಿಟ್ಟರೆ ಬೇರೆ ಯಾವುದೂ ಗೂಡು ಸೇರಿ ಮಲಗುವುದಿಲ್ಲ. ನಮ್ಮ ಕರಡಿಗೆ ವರ್ಷ ಪೂರ್ತಿ ಗೆದ್ದಲು ಇದೆ. ಮಲಗುವ ಅಗತ್ಯವೇ ಇಲ್ಲ.

ಪಾವಗಡದ ಬಿಸಿಲು ನಿಮಗೆ ಹೇಳಬೇಕಾ? ಆ ಬಂಡೆಗಳು ಮಧ್ಯಾಹ್ನ ಕಾದ ಹೆಂಚು. ಆದರೆ ಅದೇ ಬಂಡೆ ಒಂದರ ಮೇಲೊಂದು ಬಿದ್ದು ಆದ ಗವಿ, ಸಂದು ಒಳಗೆ ತಂಪು. ಹಗಲು ಅಲ್ಲಿ ಮಲಗಿ, ಹೊತ್ತು ಮುಳುಗುವಾಗ ಹೊರಡುತ್ತದೆ. ಅದಕ್ಕೇ ತುಮಕೂರು, ಚಿತ್ರದುರ್ಗ, ಬಳ್ಳಾರಿ ಸೀಮೆಯ ಬೋಳು ಗುಡ್ಡಗಳು ಅದಕ್ಕೆ ಇಷ್ಟ. ಹಂಪಿ ಹತ್ತಿರದ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಮಾಡಿದ್ದೂ ಇಂಥದೇ ಬಂಡೆ ನಾಡಿನಲ್ಲಿ. ಜನ ಇವನ್ನು ಪಾಳುಗುಡ್ಡ ಅನ್ನುತ್ತಾರೆ, ಜಲ್ಲಿ ಮಾಡಲು ಒಡೆಯುತ್ತಾರೆ. ಒಂದು ಗುಡ್ಡ ಒಡೆದರೆ ಒಂದು ಮನೆ ಹೋಯಿತು, ಆಮೇಲೆ ಅದು ಹೊಲಕ್ಕೆ ಬಂತು ಅಂತ ದೂರುವುದು ಎಷ್ಟು ಸರಿ?

ಮೈ ತುಂಬ ಜೂಲು ಇದ್ದೂ ಈ ಸೆಖೆ ಹೇಗೆ ತಡೆಯುತ್ತದೆ ಅಂತ ನಿಮ್ಮ ಪತ್ರದ ಕೊನೆಯಲ್ಲಿದೆ. ಹೊರಗೆ ಉದ್ದ ಕೂದಲು ಇದೆ ನಿಜ, ಒಳಗೆ ಹಿಮಕರಡಿಗಿರುವ ಹಾಗೆ ಒತ್ತಾದ ಉಣ್ಣೆಯಂಥ ಪದರ ಇಲ್ಲ.

ಅದರ ಬಾಯಿಯೂ ಗೆದ್ದಲಿಗಾಗಿಯೇ ಮಾಡಿದ ಹಾಗಿದೆ. ಮೇಲ್ದವಡೆಯ ನಡುವಿನ ಎರಡು ಹಲ್ಲು ಇಲ್ಲ. ಏಳೆಂಟು ಸೆಂಟಿಮೀಟರ್ ಉದ್ದದ ಉಗುರಿನಿಂದ ಹುತ್ತ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮಣ್ಣು ಊದಿ, ಹಲ್ಲಿಲ್ಲದ ಸಂದಿನಿಂದ ಗೆದ್ದಲನ್ನು ಸೊರ್ ಅಂತ ಹೀರುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ಒಮ್ಮೆ ಸಿದ್ದರಬೆಟ್ಟದ ಬುಡದಲ್ಲಿ ಬೆಳಗ್ಗೆ ಹಸಿ ಮಣ್ಣು ಚೆಲ್ಲಿದ ಹುತ್ತ ನೋಡಿದ್ದೆ, ಪಕ್ಕದ ಧೂಳಿನಲ್ಲಿ ಹೆಜ್ಜೆ. ಹಿಂಗಾಲಿನದು ಥೇಟ್ ಮಗುವಿನ ಪಾದದ ಹಾಗೆ. ಕರಡಿಗಳು ನಮ್ಮ ಹಾಗೆಯೇ ಪೂರ್ತಿ ಅಂಗಾಲು ಊರಿ ನಡೆಯುತ್ತವೆ. ಬೆರಳ ಮುಂದೆ ಉಗುರಿನ ಗುರುತು ಕಂಡಾಗ ಮೈ ಜುಂ ಅಂದಿತ್ತು.

ಕರಡಿ ಎದುರಾದರೆ ಇಳಿಜಾರಿಗೆ ಓಡಬೇಕು, ಕೂದಲು ಕಣ್ಣಿಗೆ ಬಿದ್ದು ಅದಕ್ಕೆ ದಾರಿ ಕಾಣುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ನಿಜವಾ? ನಮಗೆ ದಿನಾ ಬೆಟ್ಟದ ಪಕ್ಕದ ಹೊಲಕ್ಕೆ ಹೋಗದೆ ವಿಧಿ ಇಲ್ಲ.
(ರೈತರು, ದೇವರಾಯನದುರ್ಗದ ತಪ್ಪಲು)

ಅಣ್ಣಾ, ಇದು ನಿಜ ಅಲ್ಲ. ದಯವಿಟ್ಟು ಮಕ್ಕಳಿಗೂ ಹೇಳಿ. ಕರಡಿ ಇಳಿಜಾರಿನಲ್ಲೂ ಓಡುತ್ತದೆ, ಏರಿನಲ್ಲೂ ಓಡುತ್ತದೆ, ನಮಗಿಂತ ಜೋರಾಗಿ. ಮರ ಹತ್ತಿದರೂ ಪ್ರಯೋಜನ ಇಲ್ಲ, ಜೇನಿಗಾಗಿ ಅದು ದಿನಾ ಹತ್ತುತ್ತದೆ.

ನಮ್ಮ ಕರಡಿಯ ಸ್ವಭಾವ ಸ್ವಲ್ಪ ತಿಳಿದರೆ ಮಿಕ್ಕಿದ್ದು ಅರ್ಥವಾಗುತ್ತದೆ. ಹಿಮಕರಡಿ ಮಾಂಸ ತಿನ್ನುವ ಬೇಟೆಗಾರ. ನಮ್ಮದು ಗೆದ್ದಲು, ಇರುವೆ, ಜೇನು, ಬಾರೆ, ನೇರಳೆ, ಅತ್ತಿ, ಕಕ್ಕೆ ಕಾಯಿ ತಿನ್ನುವ ಪ್ರಾಣಿ. ನಿಮ್ಮನ್ನು ತಿನ್ನಲು ಬರುವುದಿಲ್ಲ. ಆದರೆ ಅದು ಹುಲಿಗಳ ಜೊತೆ ಬಾಳಿದ ಜಾತಿ. ಗೆದ್ದಲು ತೋಡುವ ಉಗುರು ಇಟ್ಟುಕೊಂಡು ಹುಲಿಯಿಂದ ಓಡಿ ತಪ್ಪಿಸಿಕೊಳ್ಳಲಾಗದು, ಎದ್ದು ನಿಂತು ಮೇಲೆ ಬಿದ್ದರೆ ಉಂಟು. ತಾಯಿಯ ಬೆನ್ನ ಮೇಲೆ ಮರಿಗಳಿದ್ದರಂತೂ ಕೇಳಲೇಬೇಡಿ. ಕಣ್ಣು ಅಷ್ಟು ಚುರುಕಿಲ್ಲ, ತಿನ್ನುವಾಗ ತನ್ನದೇ ಸದ್ದಿನಲ್ಲಿ ನಮ್ಮ ಹೆಜ್ಜೆ ಕೇಳುವುದಿಲ್ಲ. ಹತ್ತಡಿಯಲ್ಲಿ ದಿಢೀರ್ ಅಂತ ಮನುಷ್ಯ ಕಂಡರೆ ಅದಕ್ಕೂ ಜೀವಭಯ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅಂತ ನಾವು ಗಾದೆ ಮಾಡಿಕೊಂಡಿದ್ದೇವೆ, ಆದರೆ ಬಹಳ ಸಲ ಅದರ ಊಟದ ಹೊತ್ತಿಗೆ ನುಗ್ಗುವುದು ನಾವು.

ಹಾಗಾಗಿ ನೀವು ಬರುತ್ತಿರುವುದು ಅದಕ್ಕೆ ಮೊದಲೇ ಗೊತ್ತಾಗಲಿ. ಒಬ್ಬರೇ ಹೋಗಬೇಡಿ. ಮಾತಾಡಿಕೊಂಡು ಹೋಗಿ, ಕೋಲು ಬಡಿಯುತ್ತಾ ಹೋಗಿ, ಫೋನಿನಲ್ಲಿ ಹಾಡು ಹಾಕಿಕೊಂಡರೂ ಆಗುತ್ತದೆ. ನಸುಕು, ಮುಸ್ಸಂಜೆ ಆದಷ್ಟು ತಪ್ಪಿಸಿ. ಕಡಲೆಕಾಯಿ ಕೀಳುವ ಕಾಲ, ಹಲಸು ಹಣ್ಣಾಗುವ ಕಾಲದಲ್ಲಿ ಜಾಸ್ತಿ ಎಚ್ಚರ. ದೂರದಲ್ಲಿ ಕಂಡರೆ ಕಲ್ಲು ಹೊಡೆಯಬೇಡಿ, ವಿಡಿಯೊ ಮಾಡಲು ಹತ್ತಿರ ಹೋಗಬೇಡಿ, ಅದರ ಮೇಲೆ ಕಣ್ಣಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಬೆನ್ನು ತೋರಿಸಿ ಓಡಬೇಡಿ. ಮೈಮೇಲೆ ಬಂದೇ ಬಿಟ್ಟಿತು ಅಂದರೆ ಬೋರಲಾಗಿ ಮಲಗಿ, ಕೈಬೆರಳು ಹೆಣೆದು ಕುತ್ತಿಗೆ ಹಿಂಭಾಗ ಮುಚ್ಚಿಕೊಳ್ಳಿ, ಮುಖ ನೆಲಕ್ಕಿರಲಿ. ಅದು ಮೊದಲು ಕೈ ಹಾಕುವುದು ಸಾಮಾನ್ಯವಾಗಿ ಮುಖಕ್ಕೆ, ತಲೆಗೆ. ಗಾಯವಾದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ, ರೇಬಿಸ್ ಚುಚ್ಚುಮದ್ದು ತಪ್ಪಿಸಬೇಡಿ. ಬಾವಿಗೆ ಬಿದ್ದಿದ್ದರೆ, ಊರೊಳಗೆ ಬಂದಿದ್ದರೆ ಗುಂಪು ಕಟ್ಟಿ ಅಟ್ಟಬೇಡಿ. ಅರಣ್ಯ ಇಲಾಖೆಯವರು ಬರುವ ತನಕ ಜನರನ್ನು ದೂರ ಇಡಿ.

ಕೆನಡಾದಲ್ಲಿ ಹಡ್ಸನ್ ಕೊಲ್ಲಿಯ ದಡದಲ್ಲಿ ಚರ್ಚಿಲ್ ಅಂತ ಒಂದು ಪುಟ್ಟ ಊರಿದೆ. ಕಡಲು ಹೆಪ್ಪುಗಟ್ಟುವುದನ್ನು ಕಾಯುತ್ತಾ ಹಿಮಕರಡಿಗಳು ಊರ ಅಂಚಿಗೆ ಬರುತ್ತವೆ. ಅಲ್ಲಿಯ ಜನ ಕಾರಿನ ಬಾಗಿಲಿಗೆ ಬೀಗ ಹಾಕುವುದಿಲ್ಲವಂತೆ, ಬೀದಿಯಲ್ಲಿ ಕರಡಿ ಕಂಡವರು ಯಾವ ಕಾರಿಗಾದರೂ ನುಗ್ಗಲಿ ಅಂತ. ಕರಡಿ ಜೊತೆ ಬದುಕುವ ಊರುಗಳಿಗೆ ಇಂಥ ಸಣ್ಣ ಸಣ್ಣ ಕಟ್ಟುಪಾಡು ಬೇಕು. ನಮ್ಮ ತಪ್ಪಲಿನ ಊರುಗಳಲ್ಲೂ ಕೂತು ಮಾತಾಡಿದರೆ ನಮ್ಮದೇ ಉಪಾಯ ಹೊಳೆಯುತ್ತವೆ.

ಹಿಮಕರಡಿಗಳು ಇನ್ನು ಎಷ್ಟು ಉಳಿದಿವೆ?
(ತಿಪಟೂರು)

ಒಟ್ಟು ಸುಮಾರು 26,000 ಅಂತ ಅಂದಾಜು. 1973ರಲ್ಲಿ ಹಿಮಕರಡಿ ಇರುವ ಐದು ದೇಶಗಳು ಒಪ್ಪಂದ ಮಾಡಿಕೊಂಡು ಬೇಟೆಗೆ ಕಡಿವಾಣ ಹಾಕಿದವು, ಅದರಿಂದ ಒಳ್ಳೆಯದೂ ಆಯಿತು. ಈಗಿನ ಕಷ್ಟ ಬೇರೆ. ಮಂಜು ಬೇಗ ಕರಗುತ್ತಿದೆ, ತಡವಾಗಿ ಕಟ್ಟುತ್ತಿದೆ. ಚರ್ಚಿಲ್ ಇರುವ ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ 2016ರಲ್ಲಿ 842 ಕರಡಿ ಇದ್ದವು ಅಂತ ಲೆಕ್ಕ, 2021ರಲ್ಲಿ 618. ಮಂಜಿಲ್ಲದ ದಿನಗಳಲ್ಲಿ ಅವು ದಡಕ್ಕೆ ಬಂದು ಹೆಚ್ಚುಕಡಿಮೆ ಉಪವಾಸ ಇರುತ್ತವೆ. ಉಪವಾಸದ ದಿನ ಉದ್ದವಾದರೆ ಮೊದಲು ಸೋಲುವುದು ಮರಿಗಳು.

ಚಿಕ್ಕವಳಿದ್ದಾಗ ನಮ್ಮ ಬೀದಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಮಕ್ಕಳಿಗೆ ಭಯ ಹೋಗಲಿ ಅಂತ ಕರಡಿ ಕೂದಲಿನ ತಾಯಿತ ಕಟ್ಟುತ್ತಿದ್ದರು. ಅವರೆಲ್ಲ ಎಲ್ಲಿ ಹೋದರು?
(ಅಜ್ಜಿ, ತುರುವೇಕೆರೆ)

ಅಜ್ಜಿ, ನನಗೂ ಆ ಡಮರುಗದ ಸದ್ದು ನೆನಪಿದೆ. ಆಗ ಕುಣಿತ ಅಂದುಕೊಂಡಿದ್ದು ನೋವು ಅಂತ ಆಮೇಲೆ ತಿಳಿಯಿತು. ಮರಿಯಿದ್ದಾಗಲೇ ತಾಯಿಯಿಂದ ಕಿತ್ತು, ಮೂಗು ತೂತು ಮಾಡಿ ಹಗ್ಗ ಹಾಕಿ, ಹಲ್ಲು ಮುರಿದು ಕಲಿಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಿಂದ ಅದು ಅಪರಾಧ. ನಿಲ್ಲಲು ಮಾತ್ರ ಬಹಳ ವರ್ಷ ಹಿಡಿಯಿತು. ಆಡಿಸುವವರಿಗೂ ಹೊಟ್ಟೆಪಾಡು ಇತ್ತಲ್ಲ, ಅವರಿಗೆ ಬೇರೆ ಕಸುಬು, ಮಕ್ಕಳಿಗೆ ಶಾಲೆ ಕೊಡಿಸುತ್ತಾ ಒಂದೊಂದೇ ಕರಡಿ ಬಿಡಿಸಿಕೊಂಡರು. ಕೊನೆಯದನ್ನು 2009ರ ಡಿಸೆಂಬರ್‌ನಲ್ಲಿ ಬನ್ನೇರುಘಟ್ಟದ ಕರಡಿ ಆಶ್ರಯಕ್ಕೆ ತಂದರು. ಹಲ್ಲು ಮುರಿದ ಕರಡಿ ಕಾಡಿನಲ್ಲಿ ಬದುಕಲಾರದು, ಹಾಗಾಗಿ ಅವುಗಳಿಗೆ ಅಲ್ಲೇ ಮರ, ನೀರು, ಗವಿ ಮಾಡಿಕೊಟ್ಟಿದ್ದಾರೆ. ಜಾತ್ರೆಯಲ್ಲಿ ಯಾರಾದರೂ ಈಗಲೂ ಕರಡಿ ಕೂದಲು ಮಾರಿದರೆ ಕೊಳ್ಳಬೇಡಿ, ಮೊಮ್ಮಕ್ಕಳಿಗೂ ಹೇಳಿ.

ಕರಡಿಗೆ ಬಾಲ ಇದೆಯಾ?
(ಒಂದನೇ ತರಗತಿ, ಕುಣಿಗಲ್, ಅಕ್ಷರ ಅಮ್ಮನದು)

ಇದೆ ಪುಟ್ಟಾ. ಕೂದಲಲ್ಲಿ ಮುಚ್ಚಿಹೋಗಿರುತ್ತದೆ, ಅದಕ್ಕೇ ಕಾಣುವುದಿಲ್ಲ. ಎಲ್ಲ ಕರಡಿಗಳಲ್ಲಿ ಉದ್ದ ಬಾಲ ಯಾವುದರದು ಗೊತ್ತಾ? ಅಷ್ಟು ದೊಡ್ಡ ಹಿಮಕರಡಿಯದಲ್ಲ. ನಮ್ಮ ಬೆಟ್ಟದ ಕರಡಿಯದು, 15ರಿಂದ 18 ಸೆಂಟಿಮೀಟರ್. ನಿನ್ನ ಸ್ಕೇಲು ತೆಗೆದು ಅಳೆದು ನೋಡು.